ಹಳದಿ ಪಟ್ಟಿಯ ಕೋಟು

ಮೇಜಿನ ಮೇಲೆ ಒಂದು ಕೋಟು ಮಲಗಿದೆ. ಕಡುನೀಲಿ ಬಣ್ಣದ, ಶಾಲೆಗೆ ಹಾಕಿಕೊಂಡು ಹೋಗುವ ಕೋಟು. ಅದರ ಒಂದು ತೋಳು ಮೇಜಿನ ಅಂಚಿನಿಂದ ಕೆಳಗೆ ಇಳಿಬಿದ್ದಿದೆ, ಆಡಿ ದಣಿದು ಮಲಗಿದ ಮಗುವಿನ ಕೈಯ ಹಾಗೆ. ಕಾಲರಿನ ಒಳಗಿಂದ, ಗೂಟಕ್ಕೆ ನೇತುಹಾಕುವ ಸಣ್ಣ ಹಳದಿ ಪಟ್ಟಿಯೊಂದು ಇಣುಕುತ್ತಿದೆ. ಎದೆಯ ಜೇಬಿನ ಕೆಳಗೆ ಕಡಲೆಕಾಳಿನಷ್ಟು ದೊಡ್ಡ ತೂತು. ಅದರ ಸುತ್ತ ಸೀಮೆಸುಣ್ಣದ ತೆಳ್ಳನೆಯ ಗೆರೆ. ಬಗ್ಗಿದ ದೀಪದ ಬೆಳಕು ಅಷ್ಟೇ ಜಾಗದ ಮೇಲೆ ಬಿದ್ದು, ಉಳಿದ ಕೋಣೆಯೆಲ್ಲ ಮಬ್ಬಾಗಿದೆ. ಆ ಬೆಳಕಿನೊಳಗೆ ಒಂದು ಸೂಜಿ. ಸೂಜಿಯ ಹಿಂದೆ ಎರಡು ಬೆರಳು. ಯಾವುದೂ ಅಲುಗುತ್ತಿಲ್ಲ.

“ಇನ್ನೂ ಎಷ್ಟು ಹೊತ್ತೇ ನಾನು ಹೀಗೆ ಬೊಂಬೆ ಥರ ಕೂತಿರೋದು?” ಬೆರಳುಗಳ ಹಿಂದಿನ ಮಬ್ಬಿನಿಂದ ಒಂದು ದನಿ ಕೇಳಿತು.

“ಮಾತಾಡಬೇಡ ದೊಡ್ಡಮ್ಮ, ವಿಡಿಯೋದಲ್ಲಿ ಬಂದುಬಿಡುತ್ತೆ.”

“ಕೆಮ್ಮಿದ್ರೂ ಬರುತ್ತಾ?”

“ಬರುತ್ತೆ.”

“ಹಾಗಾದ್ರೆ ಬೇಗ ಮುಗಿಸು. ನನ್ನ ಕೆಮ್ಮನ್ನ ಊರೆಲ್ಲ ಕೇಳೋದು ಬೇಡ.”

ದಾರದ ಡಬ್ಬಿಗಳನ್ನು ಒಂದರ ಮೇಲೊಂದು ಪೇರಿಸಿ, ಅದರ ಮೇಲೆ ಫೋನನ್ನು ಒರಗಿಸಿಟ್ಟು, ಪಿಟೀಲು ಗುಂಡಿ ಒತ್ತಿದಳು. “ಹೂಂ, ಈಗ ಹೊಲಿ.”

ಪಿಟೀಲು ಎನ್ನುವುದು ಅವಳ ಹೆಸರಲ್ಲ. ತೊಟ್ಟಿಲಲ್ಲಿದ್ದಾಗ ಅವಳು ಅಳುತ್ತಿದ್ದದ್ದು ಒಂದೇ ಸಮನೆ, ಸಣ್ಣ ದನಿಯಲ್ಲಿ, ಎಲ್ಲಿಯೂ ಕಡಿಯದ ಹಾಗೆ. “ನಮ್ಮ ಮನೆಗೆ ಪಿಟೀಲು ಬಂತು” ಎಂದು ದೊಡ್ಡಮ್ಮ ನಕ್ಕಿದ್ದಳಂತೆ. ಆ ಹೆಸರು ಹಾಗೇ ಉಳಿದು, ಅವಳ ಜೊತೆಗೆ ಶಾಲೆಗೂ ಹೋಗಿ ಕೂತಿತ್ತು.

ದೊಡ್ಡಮ್ಮನದು ರಫು ಅಂಗಡಿ. ಇಲಿ ಕಡಿದ, ಮೊಳೆಗೆ ಸಿಕ್ಕಿ ಹರಿದ, ಕಿಡಿ ಬಿದ್ದು ಸುಟ್ಟ ಬಟ್ಟೆಗಳನ್ನು ಅವಳು ಸರಿಮಾಡುತ್ತಾಳೆ. ತೇಪೆ ಹಾಕುವುದಿಲ್ಲ. ಆ ಬಟ್ಟೆಯ ಒಳಮಡಿಕೆಯಿಂದಲೇ ಎಳೆಗಳನ್ನು ಬಿಡಿಸಿ ತೆಗೆದು, ತೂತಿನ ಜಾಗದಲ್ಲಿ ಒಂದು ಎಳೆ ಮೇಲೆ, ಒಂದು ಎಳೆ ಕೆಳಗೆ ಹಾಯಿಸಿ, ಹೊಸದಾಗಿ ಬಟ್ಟೆಯನ್ನೇ ನೇಯುತ್ತಾಳೆ. ಮುಗಿದ ಮೇಲೆ ಅಲ್ಲಿ ತೂತು ಇತ್ತೆಂದು ಹೇಳಲು ಆ ಬಟ್ಟೆಗೂ ಬಾಯಿ ಬರುವುದಿಲ್ಲ.

ಅಂಗಡಿಯಲ್ಲಿ ಮೊದಲಿನಿಂದಲೂ ಒಂದು ಪದ್ಧತಿ. ಬಟ್ಟೆ ಒಯ್ಯಲು ಬಂದವರ ಮುಂದೆ ದೊಡ್ಡಮ್ಮ ಅದನ್ನು ಹರಡಿ, “ಹುಡುಕಿ” ಎನ್ನುತ್ತಾಳೆ. ಅವರು ಬಟ್ಟೆಯನ್ನು ಬೆಳಕಿಗೆ ಹಿಡಿಯುತ್ತಾರೆ, ಬೆರಳಾಡಿಸುತ್ತಾರೆ, ಕಣ್ಣು ಕಿರಿದು ಮಾಡುತ್ತಾರೆ. ಸಿಕ್ಕರೆ ಕೂಲಿ ಕೊಡಬೇಕಾಗಿಲ್ಲ. ಸಿಕ್ಕಿದ್ದನ್ನು ಪಿಟೀಲು ಕಂಡಿಲ್ಲ. ಸಿಗದಿದ್ದಾಗ ಅವರ ಮುಖದಲ್ಲಿ ಒಂದು ಗಂಟು ಬಿಚ್ಚಿಕೊಳ್ಳುತ್ತದೆ. ಅದನ್ನು ನೋಡಲೆಂದೇ ಪಿಟೀಲು ಗಲ್ಲಾಪೆಟ್ಟಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂತಿರುತ್ತಿದ್ದಳು.

ಈಗ ಆ ಸ್ಟೂಲಿನ ಮೇಲೆ ಕೂತರೆ ಕಾಣುವುದು ಖಾಲಿ ಬೀದಿ. ಹರಿದದ್ದನ್ನು ಯಾರೂ ತರುವುದಿಲ್ಲ. ಎಸೆದು ಇನ್ನೊಂದು ಕೊಳ್ಳುತ್ತಾರೆ. ತಿಂಗಳ ಕೊನೆಗೆ ಅಂಗಡಿಯನ್ನು ಬಿಟ್ಟು, ಊರಾಚೆಯ ಬಟ್ಟೆ ಕಾರ್ಖಾನೆಗೆ ಹೋಗುವುದೆಂದು ದೊಡ್ಡಮ್ಮ ಹೇಳಿಬಿಟ್ಟಿದ್ದಳು. ಅಲ್ಲಿ ಹೊಸ ಅಂಗಿಗಳ ಹೊರಗೆ ಉಳಿದ ದಾರದ ತುದಿಗಳನ್ನು ಕತ್ತರಿಸುವ ಕೆಲಸ. ಬೆಳಗಿನಿಂದ ಸಂಜೆಯವರೆಗೆ ನಿಂತುಕೊಂಡೇ.

“ಸೂಜಿ ಇಲ್ವಾ ಅಲ್ಲಿ?” ಎಂದು ಪಿಟೀಲು ಕೇಳಿದ್ದಳು.

“ಇಲ್ಲ. ಕತ್ತರಿ ಮಾತ್ರ” ಎಂದಿದ್ದಳು ದೊಡ್ಡಮ್ಮ. ಹೇಳುವಾಗ ತನ್ನ ಬೆರಳುಗಳನ್ನು ಒಮ್ಮೆ ನೋಡಿಕೊಂಡಿದ್ದಳು.

ವಿಡಿಯೋದ ಮಾತು ತೆಗೆದವನು ಪಕ್ಕದ ಮೊಬೈಲ್ ಅಂಗಡಿಯ ಅಣ್ಣ. “ಅಕ್ಕಾ, ನಿಮ್ಮ ಕಷ್ಟ ಏನು ಗೊತ್ತಾ? ನೀವು ಕೆಲಸ ಮಾಡಿದ್ದೇ ಕಾಣಲ್ಲ. ಕಾಣದೇ ಇರೋ ಕೆಲಸಕ್ಕೆ ಗಿರಾಕಿ ಎಲ್ಲಿಂದ ಬರಬೇಕು? ಅದನ್ನ ಕಾಣಿಸಬೇಕು. ಪಿಟೀಲು, ಒಂದು ವಿಡಿಯೋ ಮಾಡಮ್ಮ. ಚಿಕ್ಕದು. ಜನಕ್ಕೆ ಪುರುಸೊತ್ತಿಲ್ಲ.” ಗಾಜು ಬಿರುಕು ಬಿಟ್ಟ ಹಳೆಯ ಫೋನೊಂದನ್ನು ಅವನೇ ಕೊಟ್ಟ. ಅಂಗಡಿಯ ಹೆಸರಿನಲ್ಲಿ ಒಂದು ಪೇಜನ್ನೂ ಮಾಡಿಕೊಟ್ಟ.

ದೊಡ್ಡಮ್ಮ ಹಾಕಿದ್ದು ಒಂದೇ ಷರತ್ತು. “ಮುಖ ಬೇಡ ಕಣೇ. ಕೈ ಮಾತ್ರ ತೋರಿಸು.”

ಪಿಟೀಲು ಕೈಯನ್ನು ಮಾತ್ರ ತೋರಿಸಿದಳು. ಮೊದಲು ತೂತು. ಆಮೇಲೆ ಓಡೋಡಿ ಬರುವ ಸೂಜಿ. ಆಮೇಲೆ ಹರಡಿಟ್ಟ ಇಡೀ ಕೋಟು, ಸೀಮೆಸುಣ್ಣದ ಗೆರೆಯೂ ಇಲ್ಲದ ಹಾಗೆ ಒರೆಸಿ. ಬರೀ ನೀಲಿ ಚಪ್ಪೆಯಾಗಿ ಕಾಣುತ್ತಿತ್ತು. ಅದಕ್ಕೆಂದು ಹಳದಿ ಪಟ್ಟಿಯನ್ನು ಸ್ವಲ್ಪ ಹೊರಗೆಳೆದು, ಹೂವಿನ ಎಸಳಿನಂತೆ ಕಾಣುವ ಹಾಗೆ ಇಟ್ಟಳು. ಮೇಲೆ ಅಕ್ಷರಗಳಲ್ಲಿ ಬರೆದಳು: ‘ತೂತು ಎಲ್ಲಿದೆ? ಹುಡುಕಿ.’ ಕೊನೆಯಲ್ಲಿ ತನ್ನದೇ ತೋರುಬೆರಳು ಬಂದು ಜೇಬಿನ ಕೆಳಗೆ, ಸರಿಯಾಗಿ ಆ ಜಾಗವನ್ನು ಮುಟ್ಟುತ್ತಿತ್ತು.

ಕೋಟು ಯಾರದೆಂದು ಅವಳಿಗೆ ಗೊತ್ತಿರಲಿಲ್ಲ. ರಜೆ ಮುಗಿಯುವ ಮುಂಚೆ ಯಾರೋ ಒಬ್ಬ ಮುದುಕರು ತಂದುಕೊಟ್ಟಿದ್ದರು. ಅವಳು ಆಗ ಹಾಲು ತರಲು ಹೋಗಿದ್ದಳು.

*

ಮೊದಲು ನೋಡಿದವರು ಅಮ್ಮ, ಮೊಬೈಲ್ ಅಣ್ಣ ಮತ್ತು ಅವನ ಹೆಂಡತಿ. ಆಮೇಲೆ ಏನಾಯಿತೋ, ಆ ವಿಡಿಯೋ ತಾನೇ ಕಾಲು ಬೆಳೆಸಿಕೊಂಡು ಹೊರಟಿತು. ಗೊತ್ತಿಲ್ಲದ ಊರಿನವರು, ಗೊತ್ತಿಲ್ಲದ ಹೆಸರಿನವರು ‘ಜೇಬಿನ ಮೇಲೆ’, ‘ತೋಳಿನ ಹತ್ತಿರ’, ‘ತೂತೇ ಇರಲಿಲ್ಲ, ಮೋಸ’ ಎಂದೆಲ್ಲ ಬರೆದರು.

ಪಿಟೀಲುವಿನ ಅಮ್ಮ ಬಸ್ ಕಂಡಕ್ಟರ್. ಒಂದು ಸಂಜೆ ಚೀಲ ಇಳಿಸುವ ಮೊದಲೇ ಅಕ್ಕನ ಎದುರು ನಿಂತು, “ಅಕ್ಕಾ, ಇವತ್ತು ಬಸ್ಸಲ್ಲಿ ಒಬ್ಬ ಟಿಕೆಟ್ ತಗೊಳ್ಳೋದು ಮರೆತು ನಿನ್ನ ಕೈ ನೋಡ್ತಾ ಕೂತಿದ್ದ” ಎಂದಳು.

“ಟಿಕೆಟ್ ಕೊಟ್ಟೆ ತಾನೆ?”

“ಕೊಡದೆ ಬಿಡ್ತೀನಾ? ಅವು ನಮ್ಮಕ್ಕನ ಕೈ ಅಂತಾನೂ ಹೇಳ್ದೆ. ನಂಬಲಿಲ್ಲ.”

ಜನ ಬರತೊಡಗಿದರು. ಶಾಲು, ಪ್ಯಾಂಟು, ಸೂಟು, ತೀರಿಕೊಂಡ ಅಜ್ಜಿಯ ರೇಷ್ಮೆ ಸೀರೆ. ಅಂಗಡಿಯ ಬಾಗಿಲಿಗೆ ಒಂದು ಸ್ಪ್ರಿಂಗ್ ಇತ್ತು. ಒಳಗೆ ಬಂದವರ ಬೆನ್ನ ಹಿಂದೆ ಅದು ತಾನೇ ಬಂದು, ದಪ್ಪನೆ ಒಂದು ಸದ್ದು ಮಾಡಿ ಮುಚ್ಚಿಕೊಳ್ಳುತ್ತಿತ್ತು. ತಿಂಗಳುಗಟ್ಟಲೆ ಸುಮ್ಮನಿದ್ದ ಆ ಬಾಗಿಲು ಈಗ ಮಾತು ಕಲಿತ ಮಗುವಿನ ಹಾಗೆ ಬಾಯಿ ಮುಚ್ಚುತ್ತಲೇ ಇರಲಿಲ್ಲ. ದೊಡ್ಡಮ್ಮನ ಮೇಜಿನ ಮೇಲೆ ಬಟ್ಟೆಯ ರಾಶಿ ಏರಿತು. ಕಾರ್ಖಾನೆಯ ಮಾತು ಮನೆಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ.

ರಾಶಿಯ ಹಿಂದೆ ದೊಡ್ಡಮ್ಮ ಏನೋ ಗುನುಗುತ್ತಿದ್ದಳು. ಅವಳು ಗುನುಗುತ್ತಾಳೆ ಎನ್ನುವುದೇ ಪಿಟೀಲುವಿಗೆ ಮರೆತುಹೋಗಿತ್ತು.

*

ಅಷ್ಟರಲ್ಲಿ ಶಾಲೆ ತೆರೆದಿತ್ತು. ಚಳಿಗಾಲದ ಬೆಳಗುಗಳು. ಮಕ್ಕಳು ನೀಲಿ ಕೋಟು ಹಾಕಿಕೊಂಡು ಬಂದು, ಬಿಸಿಲೇರಿದ ಮೇಲೆ ಅವನ್ನು ತರಗತಿಯ ಹೊರಗಿನ ಗೂಟಗಳಿಗೆ ನೇತುಹಾಕುತ್ತಿದ್ದರು. ಹುಡುಗರ ಗೂಟಗಳು ಆ ಕಡೆ, ಹುಡುಗಿಯರದು ಈ ಕಡೆ.

ಒಂದು ದಿನ ಕೊನೆಯ ಗಂಟೆ ಹೊಡೆದಾಗ ಪಿಟೀಲು ಇನ್ನೂ ಚೀಲಕ್ಕೆ ಪುಸ್ತಕ ತುಂಬುತ್ತಿದ್ದಳು. ಹೊರಗಿನಿಂದ ತುತ್ತೂರಿಯ ದನಿ ಕೇಳಿಸಿತು. ಯಾವ ಸುದ್ದಿಯನ್ನೂ ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರದ ಹುಡುಗ ಅವನು. ಅದಕ್ಕೇ ಆ ಹೆಸರು.

“ಹಳದಿ ಪಟ್ಟಿ ಕಣ್ರೋ. ಬನ್ರೋ ಇಲ್ಲಿ. ವಿಡಿಯೋದಲ್ಲಿ ಬಂದಿದ್ದು ಇದೇ ಕೋಟು.”

ಅವಳು ಬಾಗಿಲಿಗೆ ಬಂದು ನೋಡಿದಳು. ಗೂಟಗಳ ಹತ್ತಿರ ಏಣಿ ನಿಂತಿದ್ದ. ತರಗತಿಗೆಲ್ಲ ಎತ್ತರದ ಹುಡುಗ, ಮಾತು ಕಡಿಮೆ. ಕೋಟಿನ ಒಂದು ತೋಳಿಗೆ ಕೈ ತೂರಿಸಿದ್ದ, ಇನ್ನೊಂದು ತೋಳು ಬೆನ್ನ ಹಿಂದೆ ಜೋತಾಡುತ್ತಿತ್ತು. ಸುತ್ತ ಮಕ್ಕಳು ಮುತ್ತಿಕೊಂಡಿದ್ದರು.

“ಪಿಟೀಲು, ನಿಮ್ಮಂಗಡಿ ಕೋಟು ಇದೇ ಅಲ್ವೇನೇ?” ಎಂದು ಯಾರೋ ಕೂಗಿದರು. ಎಲ್ಲರೂ ತಿರುಗಿ ಅವಳನ್ನು ನೋಡಿದರು. ಒಂದು ಕ್ಷಣ, ಒಂದೇ ಒಂದು ಕ್ಷಣ, ಅವಳಿಗೆ ಹೆಮ್ಮೆಯಾಯಿತು. ಇಷ್ಟು ಜನ ತನ್ನ ವಿಡಿಯೋ ನೋಡಿದ್ದಾರೆ.

“ಇದು ಹೊಸ ಕೋಟು” ಎಂದ ಏಣಿ.

“ಹೊಸದಂತೆ ಹೊಸದು. ಜೇಬಿನ ಕೆಳಗೆ ತೂತಿತ್ತು, ನಾನೇ ನೋಡಿದೀನಿ.”

“ಇಲ್ಲ. ತಾತ ಅಂಗಡಿಯಿಂದ ತಂದಿದ್ದು. ನೋಡಿ ಬೇಕಾದ್ರೆ, ಏನೂ ಇಲ್ಲ.”

ಅವನು ಸುಳ್ಳು ಹೇಳುತ್ತಿರಲಿಲ್ಲ. ಅದು ಅವನ ಕಣ್ಣಿನಲ್ಲೇ ಪಿಟೀಲುವಿಗೆ ಕಂಡಿತು. ಅವನಿಗೆ ಗೊತ್ತೇ ಇರಲಿಲ್ಲ.

“ಹುಡುಕಿ, ಹುಡುಕಿ” ಎಂದು ತುತ್ತೂರಿ ರಾಗ ಎಳೆದ. ಉಳಿದವರೂ ದನಿ ಸೇರಿಸಿದರು. ಬೆರಳುಗಳು ಮುಂದೆ ಬಂದವು. ಕೊನೆಯಲ್ಲಿ ಬೆರಳು ಎಲ್ಲಿ ಮುಟ್ಟುತ್ತದೆಂದು ಎಲ್ಲರಿಗೂ ಬಾಯಿಪಾಠವಾಗಿತ್ತು. ದರ್ಜಿ ಅಳತೆ ತೆಗೆಯುವಾಗ ನಿಲ್ಲುತ್ತೇವಲ್ಲ, ಹಾಗೆ ಏಣಿ ಕೈಗಳನ್ನು ತುಸು ಎತ್ತಿಕೊಂಡು ನಿಂತಿದ್ದ. ಒಬ್ಬರು ಉಜ್ಜಿದರು, ಒಬ್ಬರು ಕೆರೆದರು. ಯಾರದೋ ಉಗುರಿಗೆ ಒಂದು ಎಳೆ ಸಿಕ್ಕಿತು.

“ಸಿಕ್ತು.”

ಎಳೆ ಬಂತು. ಅದರ ಹಿಂದೆ ಇನ್ನೊಂದು ಬಂತು. ನೀಲಿ ಬಟ್ಟೆ ಸಣ್ಣಗೆ ಬಾಯಿ ತೆರೆಯಿತು.

ಏಣಿ ತಲೆ ಬಗ್ಗಿಸಿ ತನ್ನ ಎದೆಯನ್ನೇ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಕೋಟನ್ನು ಬಿಚ್ಚಿ, ತೂತು ಒಳಗಾಗುವಂತೆ ಮಡಿಸಿ, ಕಂಕುಳಲ್ಲಿಟ್ಟುಕೊಂಡು ಹೊರಟುಹೋದ. ಪಿಟೀಲುವಿನ ಪಕ್ಕದಲ್ಲೇ ಹಾದುಹೋದ. ಅವಳ ಕಡೆ ನೋಡಲಿಲ್ಲ.

*

ಅಂಗಡಿ ತುಂಬ ಜನ. ಪಿಟೀಲು ಸ್ಟೂಲಿನ ಮೇಲೆ ಕೂತಳು, ಎದ್ದಳು, ಮತ್ತೆ ಕೂತಳು. ಕೊನೆಯ ಗಿರಾಕಿಯ ಹಿಂದೆ ಬಾಗಿಲು ಮುಚ್ಚಿಕೊಂಡ ಮೇಲೆ ನಡೆದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದಳು.

ದೊಡ್ಡಮ್ಮ ಬೈಯಲಿಲ್ಲ. ಸೂಜಿಯನ್ನು ದಿಂಬಿಗೆ ಚುಚ್ಚಿಟ್ಟಳು.

“ಆ ತಾತ ಬಂದಾಗ ಬಾಗಿಲು ಪೂರಾ ಮುಚ್ಚೋ ತನಕ ಕಾದರು” ಎಂದಳು ನಿಧಾನವಾಗಿ. “ಆಮೇಲೆ ಚೀಲದಿಂದ ಕೋಟು ತೆಗೆದ್ರು. ‘ಮೊಮ್ಮಗನಿಗೆ ಹೊಸದು ಅಂತ ಕೊಡಬೇಕಮ್ಮ’ ಅಂದ್ರು. ಕಾವಲು ಕೆಲಸ ಅವರದು, ಊರಾಚೆ ಯಾವುದೋ ಗೋದಾಮಿನಲ್ಲಿ. ವಾರಕ್ಕೊಂದು ಸಲ ಮನೆಗೆ ಬರೋದಂತೆ. ಹಳದಿ ಪಟ್ಟಿ ಅವರೇ ಹೊಲಿದಿದ್ದು. ಕಪ್ಪು ದಾರದಲ್ಲಿ, ಅಂಕುಡೊಂಕಾಗಿ. ಬಿಚ್ಚಿ ಹೊಲಿದುಕೊಡ್ಲಾ ಅಂದೆ. ಬೇಡ ಅಂದ್ರು.”

“ಇದನ್ನ ನನಗೆ ಯಾಕೆ ಹೇಳಲಿಲ್ಲ ನೀನು?”

“ಯಾರ ಬಟ್ಟೆ ಅಂತ ನಾನು ಯಾವತ್ತು ಯಾರಿಗೆ ಹೇಳಿದೀನಿ?” ದೊಡ್ಡಮ್ಮ ದಾರದ ಡಬ್ಬಿಯೊಂದರ ಮುಚ್ಚಳ ಹಾಕಿದಳು. “ಹೇಳಲಿಲ್ಲ ಅನ್ನೋದೊಂದೇ ಸಾಕು ಅಂದುಕೊಂಡುಬಿಟ್ಟೆ. ನೀನು ಫೋನ್ ಇಟ್ಟಾಗ ಬೇಡ ಅನ್ನಬೇಕಿತ್ತು. ಬಾಗಿಲು ಸದ್ದು ಮಾಡಿ ಎಷ್ಟು ಕಾಲ ಆಗಿತ್ತಲ್ಲ. ನನಗೂ ಆಸೆ ಆಯ್ತು.”

ಮರುದಿನ ಏಣಿ ಕೋಟಿಲ್ಲದೆ ಬಂದ. ಬೆಳಗಿನ ಪ್ರಾರ್ಥನೆಗೆ ಸಾಲಿನ ಕೊನೆಯಲ್ಲಿ, ಎಲ್ಲರಿಗಿಂತ ಎತ್ತರವಾಗಿ, ಬಿಳಿ ಅಂಗಿಯಲ್ಲಿ ನಿಂತಿದ್ದ. ಟೀಚರು “ಕೋಟೆಲ್ಲೋ?” ಎಂದರೆ “ಒಗೆಯೋಕೆ ಹಾಕಿದೀನಿ ಮಿಸ್” ಎಂದ. ತುತ್ತೂರಿ ಕೂಡ ಏನೂ ಅನ್ನಲಿಲ್ಲ. ಎಳೆ ಕಿತ್ತುಬಂದಾಗ ಅವನೂ ಹೆದರಿದ್ದ.

ಅವತ್ತೇ ಸಂಜೆ ಅಂಗಡಿಯ ಬಾಗಿಲು ತೆರೆಯಿತು. ಒಳಗೆ ಬಂದ ಏಣಿ, ಬೆನ್ನ ಹಿಂದೆ ಅದು ಪೂರಾ ಮುಚ್ಚಿಕೊಳ್ಳುವ ತನಕ ಕಾದ. ಆಮೇಲೆ ಶಾಲೆಯ ಚೀಲದಿಂದ ಕೋಟು ತೆಗೆದ.

ದೊಡ್ಡಮ್ಮ ಅವನನ್ನು ನೋಡಿದಳು. ಅವನು ಬಾಗಿಲಿಗಾಗಿ ಕಾದದ್ದನ್ನೂ ನೋಡಿದಳು. “ಕೂತ್ಕೋ ಮಗಾ” ಎಂದಳು.

ಅವನು ಕೂರಲಿಲ್ಲ. “ಇದು ಮೊದಲಿನ ಹಾಗೇ ಆಗುತ್ತಾ, ಆಂಟಿ?”

ದೊಡ್ಡಮ್ಮ ಬಟ್ಟೆಯನ್ನು ಬೆಳಕಿಗೆ ಹಿಡಿದಳು. ಒಳಮಡಿಕೆಯನ್ನು ತಿರುಗಿಸಿ ನೋಡಿದಳು. “ಎಳೆ ಇನ್ನೂ ಸ್ವಲ್ಪ ಉಳಿದಿದೆ. ಆಗುತ್ತೆ.”

“ಶನಿವಾರ ತಾತ ಬರ್ತಾರೆ. ಅವರು ಬಂದ ತಕ್ಷಣ ನಾನು ಇದನ್ನ ಹಾಕ್ಕೊಂಡು ತೋರಿಸಬೇಕು. ಪ್ರತಿ ವಾರ ಹಾಗೇ.” ಅವನು ನೆಲ ನೋಡುತ್ತ ಮಾತಾಡುತ್ತಿದ್ದ. “ಹಳೇದು ಅಂತ ನನಗೆ ಗೊತ್ತಾಗಿದೆ ಅಂತ ಅವರಿಗೆ ಗೊತ್ತಾಗಬಾರದು.”

ದೊಡ್ಡಮ್ಮ ತೂತಿನ ಸುತ್ತ ಸೀಮೆಸುಣ್ಣದ ಗೆರೆ ಎಳೆದಳು.

“ತಾತನ ಫೋನಲ್ಲಿ ವಿಡಿಯೋ ಬರಲ್ಲ. ಬಟನ್ ಫೋನು” ಎಂದ ಮತ್ತೆ. “ಆದ್ರೆ ಗೋದಾಮಿನಲ್ಲಿ ಲಾರಿಯವರೆಲ್ಲ ಇರ್ತಾರೆ. ಅವರ ಫೋನಲ್ಲಿ ಬರುತ್ತಲ್ಲ. ಯಾರಾದ್ರೂ ತೋರಿಸಿದ್ರೆ? ಪಟ್ಟಿ ನೋಡಿದ ಕೂಡ್ಲೇ ತಾತನಿಗೆ ಗೊತ್ತಾಗಿಬಿಡುತ್ತೆ.”

ಇದನ್ನು ಅವನು ದೊಡ್ಡಮ್ಮನಿಗೆ ಹೇಳಿದ. ಆದರೆ ಯಾರಿಗೆ ಹೇಳಿದನೆಂದು ಸ್ಟೂಲಿನ ಮೇಲೆ ಕೂತ ಪಿಟೀಲುವಿಗೆ ಗೊತ್ತಾಯಿತು.

*

“ಡಿಲೀಟಾ?” ಮೊಬೈಲ್ ಅಣ್ಣ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಕೆಳಗಿಟ್ಟ. “ತಲೆ ಕೆಟ್ಟಿದ್ಯಾ ನಿಂಗೆ? ಗಿರಾಕಿಗಳು ಬರ್ತಿರೋದೇ ಆ ಒಂದು ವಿಡಿಯೋದಿಂದ. ಬೇಕಾದ್ರೆ ಪಟ್ಟಿ ಕಾಣದ ಹಾಗೆ ಮಸುಕು ಮಾಡಿಕೊಡ್ತೀನಿ.”

“ಕೋಟು ಯಾರದು ಅಂತ ಶಾಲೆಗೆಲ್ಲ ಗೊತ್ತಾಗಿಹೋಗಿದೆ ಅಣ್ಣ. ಪಟ್ಟಿ ಮುಚ್ಚಿದ್ರೆ, ಯಾಕೆ ಮುಚ್ಚಿದ್ರು ಅಂತ ಇನ್ನೂ ಹುಡುಕ್ತಾರೆ.”

“ನೀನು ತೆಗೆದ್ರೂ ಬೇರೆಯವರು ಇಟ್ಕೊಂಡಿರ್ತಾರಮ್ಮ. ಗಾಳಿಗೆ ಬಿಟ್ಟಿದ್ದು ಅದು. ಪೂರಾ ವಾಪಸ್ ಬರಲ್ಲ.”

ಪಿಟೀಲುವಿಗೆ ಕಿತ್ತುಬಂದ ಎಳೆ ನೆನಪಾಯಿತು. “ಎಷ್ಟು ವಾಪಸ್ ಬರುತ್ತೋ ಅಷ್ಟು ಬರಲಿ” ಎಂದಳು.

ಅಣ್ಣ ಅವಳ ತಲೆಯ ಮೇಲಿಂದ ಅಂಗಡಿಯ ಬಾಗಿಲಲ್ಲಿ ನಿಂತಿದ್ದ ದೊಡ್ಡಮ್ಮನನ್ನು ನೋಡಿದ. “ಅಕ್ಕಾ, ನೀವಾದ್ರೂ ಹೇಳಿ. ಇದು ನಿಮ್ಮ ಹೊಟ್ಟೆಪಾಡು.”

ದೊಡ್ಡಮ್ಮ ಸೆರಗಿನಿಂದ ಕನ್ನಡಕ ಒರೆಸಿಕೊಂಡಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು. “ಪೇಜು ಅವಳದು” ಎಂದಳು.

ಫೋನು ಕೇಳಿತು: ಅಳಿಸಬೇಕೇ? ಹೌದು, ಇಲ್ಲ. ಗಾಜಿನ ಬಿರುಕು ಸರಿಯಾಗಿ ಆ ಎರಡು ಮಾತುಗಳ ನಡುವೆ ಹಾದುಹೋಗಿತ್ತು. ಕೋಟಿನ ಮೇಲೆ ತೂತಿನ ಜಾಗವನ್ನು ಮುಟ್ಟಿ ತೋರಿಸಿದ್ದ ಅದೇ ಬೆರಳಿನಿಂದ ಪಿಟೀಲು ‘ಹೌದು’ ಎಂಬುದನ್ನು ಒತ್ತಿದಳು.

ಸದ್ದೇನೂ ಆಗಲಿಲ್ಲ. ಒಂದು ಚೌಕ ಖಾಲಿಯಾಯಿತು, ಅಷ್ಟೆ.

ಆ ರಾತ್ರಿ ಊಟದ ಹೊತ್ತಿನಲ್ಲಿ ಅವಳು ತನ್ನದೇ ಕೋಟನ್ನು ತಂದು ದೊಡ್ಡಮ್ಮನ ಮುಂದೆ ಇಟ್ಟಳು. ಹೋದ ವರ್ಷ ಗೇಟಿನ ಕೊಂಡಿಗೆ ಸಿಕ್ಕಿ ಮೊಣಕೈಯ ಹತ್ತಿರ ಹರಿದಿತ್ತು. ದೊಡ್ಡಮ್ಮ ಯಾವಾಗಲೋ ಸರಿಮಾಡಿದ್ದಳು, ಹೊರಗೆ ಯಾರಿಗೂ ಗೊತ್ತಿರಲಿಲ್ಲ. ಪಿಟೀಲು ಅದನ್ನು ತೊಟ್ಟುಕೊಂಡು, ಫೋನನ್ನು ತನ್ನ ಕಡೆ ತಿರುಗಿಸಿ ಇಟ್ಟಳು. ಈ ಸಲ ಮುಖವೂ ಬಂತು. “ಈ ಕೋಟು ನನ್ನದು. ಇದು ಹರಿದಿತ್ತು. ನಮ್ಮ ದೊಡ್ಡಮ್ಮ ಸರಿ ಮಾಡಿದ್ರು. ಎಲ್ಲಿ ಅಂತ ಹುಡುಕಿ” ಎಂದಳು. ನಗಲು ಹೋಗಿ, ಆಗದೆ, ಹಾಗೇ ಮುಗಿಸಿದಳು.

ಅದನ್ನು ಹೆಚ್ಚು ಜನ ನೋಡಲಿಲ್ಲ. ಆದರೆ ಶಾಲೆಯಲ್ಲಿ ನೋಡಿದರು. ತುತ್ತೂರಿ ಅವಳ ತೋಳು ಹಿಡಿದು, “ಮೊಣಕೈ ಅಲ್ವಾ? ಭುಜಾನಾ?” ಎಂದು ಒತ್ತಿ ಒತ್ತಿ ನೋಡಿದ. ಇನ್ನೂ ನಾಲ್ಕಾರು ಕೈಗಳು ಬಂದವು. ಪಿಟೀಲು ಕೈ ಎಳೆದುಕೊಳ್ಳಲಿಲ್ಲ. ಮೈಯೆಲ್ಲ ಬೆಂಕಿ ಬಿದ್ದಂತಾಗುತ್ತಿತ್ತು. ಹೀಗಿರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಎದುರಿನ ಗೂಟಗಳ ಹತ್ತಿರ ಏಣಿ ಚೀಲ ಹೆಗಲಿಗೇರಿಸಿಕೊಂಡು ನಿಂತಿದ್ದ. ಅವನು ನಗುತ್ತಿರಲಿಲ್ಲ.

“ನಿಂದೂ ಹರಿದಿತ್ತಾ?” ಎಂದ, ಎಲ್ಲರೂ ಹೋದ ಮೇಲೆ.

“ಹೂಂ.”

“ನನಗೆ ಯಾವತ್ತೂ ಕಂಡಿರಲಿಲ್ಲ” ಎಂದು ಹೇಳಿ ಹೊರಟ. ಅಷ್ಟೇ ಮಾತು. ಶುಕ್ರವಾರ ಕೋಟು ಒಯ್ಯಲು ಬಂದಾಗ, ದೊಡ್ಡಮ್ಮ ಅದನ್ನು ಹರಡಲಿಲ್ಲ. ‘ಹುಡುಕು’ ಎನ್ನಲೂ ಇಲ್ಲ. ಮಡಿಸಿಯೇ ಅವನ ಕೈಗಿಟ್ಟಳು.

*

ರಾಶಿ ಇಳಿಯಿತು. ಬಂದವರಲ್ಲಿ ಕೆಲವರು ಮತ್ತೆ ಬಂದರು, ಬಹಳ ಜನ ಬರಲಿಲ್ಲ. ತಿಂಗಳಿನ ಕೊನೆಗೆ ದೊಡ್ಡಮ್ಮ ಕಾರ್ಖಾನೆಯವರ ಹತ್ತಿರ ಮಾತಾಡಿ ಬಂದಳು. ಬೆಳಗಿನ ಪಾಳಿ ಅಲ್ಲಿ, ಸಂಜೆ ಅಂಗಡಿ. ಅಮ್ಮ, “ಮೈ ಕೇಳುತ್ತಾ ಅಕ್ಕಾ?” ಎಂದಳು. ದೊಡ್ಡಮ್ಮ, “ಕೇಳದಿದ್ರೆ ಗದರಿಸ್ತೀನಿ” ಎಂದಳು. ಅವಳು ಗುನುಗುವುದು ಮಾತ್ರ ನಿಂತುಹೋಗಿತ್ತು. ಆ ಇಲ್ಲದ ಗುನುಗನ್ನು ಪಿಟೀಲು ಕೇಳಿಸಿಕೊಂಡಳು, ಸದ್ದೊಂದನ್ನು ಕೇಳಿಸಿಕೊಳ್ಳುವ ಹಾಗೆಯೇ.

ಒಂದು ಶನಿವಾರ ಸಂಜೆ ಅಂಗಡಿಗೆ ಒಬ್ಬ ಮುದುಕರು ಬಂದರು. ಮೈಮೇಲೆ ಖಾಕಿ ಸಮವಸ್ತ್ರ, ಕೈಯಲ್ಲಿ ಒಂದು ಟಾರ್ಚು, ಕಂಕುಳಲ್ಲಿ ಮಡಿಸಿದ ಚೀಲ. ಬಾಗಿಲು ಪೂರಾ ಮುಚ್ಚಿಕೊಳ್ಳುವ ತನಕ ಅವರು ಅಲ್ಲೇ ನಿಂತರು. ಅವರು ಯಾರೆಂದು ಪಿಟೀಲುವಿಗೆ ಯಾರೂ ಹೇಳಬೇಕಾಗಿರಲಿಲ್ಲ.

“ಬನ್ನಿ ಯಜಮಾನ್ರೇ” ಎಂದಳು ದೊಡ್ಡಮ್ಮ. “ಏನು ತಂದ್ರಿ?”

“ಏನೂ ಇಲ್ಲಮ್ಮ. ಈ ಕಡೆ ಬಂದಿದ್ದೆ, ಒಂದು ಮಾತು ಹೇಳಿ ಹೋಗೋಣ ಅಂತ.” ಅವರು ಹೊರಗೆ ಯಾರಾದರೂ ಕೇಳಿಸಿಕೊಂಡಾರೆಂಬಂತೆ ದನಿ ತಗ್ಗಿಸಿದರು. “ಹುಡುಗನಿಗೆ ಗೊತ್ತೇ ಆಗಿಲ್ಲ. ಹೊಸದು ಅಂತಾನೇ ನಂಬಿಬಿಟ್ಟಿದ್ದಾನೆ. ನಾನು ಮನೆಗೆ ಕಾಲಿಟ್ಟ ಕೂಡ್ಲೇ ಹಾಕ್ಕೊಂಡು ಬಂದು ನಿಲ್ತಾನೆ. ತಿರುಗಿ ತಿರುಗಿ ತೋರಿಸ್ತಾನೆ.”

ದೊಡ್ಡಮ್ಮ ತಲೆ ತಗ್ಗಿಸಿ ಸೂಜಿಗೆ ದಾರ ಪೋಣಿಸುತ್ತಿದ್ದಳು. ಅವಳ ದಾರ ಎಂದೂ ತಪ್ಪುತ್ತಿರಲಿಲ್ಲ. ಇವತ್ತು ಎರಡು ಸಲ ತಪ್ಪಿತು.

“ಆ ಹಳದಿ ಪಟ್ಟಿ ಅವನಿಗೆ ಬಹಳ ಇಷ್ಟ ಅಂತೆ” ಎಂದು ಮುದುಕರು ನಕ್ಕರು. “ಹೊಲಿಯುವಾಗ ಬೆರಳೆಲ್ಲ ಚುಚ್ಚಿಕೊಂಡಿದ್ದೆ. ಈ ಕೈಗೆ ಸೂಜಿ ಹೇಳಿದ್ದಲ್ಲ.” ಆಮೇಲೆ ಅವರ ಕಣ್ಣು ಸ್ಟೂಲಿನ ಮೇಲಿದ್ದ ಪಿಟೀಲುವಿನ ಮೇಲೂ, ಅವಳ ನೀಲಿ ಕೋಟಿನ ಮೇಲೂ ಬಿತ್ತು. “ನೀನೂ ಅದೇ ಶಾಲೆನಾ ಪುಟ್ಟಾ?”

“ಹೌದು ತಾತ. ಒಂದೇ ಕ್ಲಾಸು.”

“ಹೌದಾ.” ಅವರ ಮುಖ ಬೆಳಗಿತು. ಒಂದು ಹೆಜ್ಜೆ ಹತ್ತಿರ ಬಂದರು. “ಅವನು ಬಾಯಿ ಬಿಡಲ್ಲ, ಏನೂ ಹೇಳಲ್ಲ. ನೀನು ಹೇಳು. ಶಾಲೆಯಲ್ಲಿ ಹೇಗೆ ಕಾಣ್ತಾನೆ, ಹೊಸ ಕೋಟಲ್ಲಿ?”

ಪಿಟೀಲುವಿನ ನಾಲಿಗೆಯ ತುದಿಗೆ ಎಲ್ಲವೂ ಬಂದು ನಿಂತಿತು. ಗೂಟಗಳು, ಬೆರಳುಗಳು, ಕಿತ್ತುಬಂದ ಎಳೆ, ಪ್ರಾರ್ಥನೆಯ ಸಾಲಿನ ಕೊನೆಯಲ್ಲಿದ್ದ ಬಿಳಿ ಅಂಗಿ. ತಪ್ಪಾಯ್ತು ತಾತ ಎಂದುಬಿಟ್ಟರೆ ತನಗೆ ಎಷ್ಟು ಹಗುರವಾಗುತ್ತದೆ ಎಂದೂ ಅವಳಿಗೆ ಅನ್ನಿಸಿತು.

ದೊಡ್ಡಮ್ಮ ತಲೆ ಎತ್ತಲಿಲ್ಲ. ಸೂಜಿ ಒಂದು ಎಳೆಯ ಮೇಲೆ ಹೋಯಿತು, ಒಂದು ಎಳೆಯ ಕೆಳಗೆ ಹೋಯಿತು.

“ಚೆನ್ನಾಗಿ ಕಾಣ್ತಾನೆ ತಾತ” ಎಂದಳು ಪಿಟೀಲು. “ಎಲ್ಲರಿಗಿಂತ ಎತ್ತರ ಅಲ್ವಾ. ಹೊಸ ಕೋಟು, ತಾತ ಅಂಗಡಿಯಿಂದ ತಂದಿದ್ದು ಅಂತ ಎಲ್ಲರ ಮುಂದೆ ಹೇಳಿದ.”

“ಹಾಗಂದ್ನಾ?”

“ಹೂಂ. ನಾನೇ ಕೇಳಿಸಿಕೊಂಡಿದೀನಿ.”

ಅದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ಹರಿದ ಜಾಗ ಎಲ್ಲಿದೆಯೆಂದು ಅವಳಿಗೆ ಗೊತ್ತಿತ್ತು. ಅದರ ಸುತ್ತ ಒಂದೊಂದೇ ಮಾತು ಹಾಯಿಸಿ, ಎಲ್ಲಿಯೂ ಗಂಟು ಬೀಳದಂತೆ, ಅವಳು ಕೊನೆ ಮುಟ್ಟಿಸಿದ್ದಳು.

ಮುದುಕರ ಮುಖದಲ್ಲಿ ಒಂದು ಗಂಟು ಬಿಚ್ಚಿಕೊಂಡಿತು. ಎಷ್ಟೋ ಸಲ ಈ ಸ್ಟೂಲಿನ ಮೇಲೆ ಕೂತು ಅವಳು ಕಂಡಿದ್ದ ಮುಖವೇ ಅದು. ಇಷ್ಟು ಹತ್ತಿರದಿಂದ ಕಂಡಿದ್ದು ಮಾತ್ರ ಇದೇ ಮೊದಲು.

“ಬರ್ತೀನಮ್ಮ. ಬರ್ತೀನಿ ಪುಟ್ಟಾ. ಅವನು ಕಾಯ್ತಾ ಇರ್ತಾನೆ.”

ಅವರು ಟಾರ್ಚನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡು ಬಾಗಿಲನ್ನು ಎಳೆದರು. ಬೀದಿಯ ತಣ್ಣನೆಯ ಗಾಳಿ ಒಳಗೆ ಬಂದು, ಮೇಜಿನ ಮೇಲಿದ್ದ ನೀಲಿ ದಾರದ ತುಣುಕೊಂದನ್ನು ಅಲುಗಿಸಿತು. ಪಿಟೀಲು ಸ್ಟೂಲಿನಿಂದ ಇಳಿದಳು. ಆ ಬಾಗಿಲು ದಪ್ಪನೆ ಬಡಿದುಕೊಳ್ಳದಿರಲೆಂದು ಅದರ ಅಂಚಿಗೆ ಕೈಯೊಡ್ಡಿ, ಅವರ ಬೆನ್ನ ಹಿಂದೆ ನಿಧಾನವಾಗಿ, ಸದ್ದಾಗದಂತೆ ಮುಚ್ಚಿದಳು.